ಓಗೊಟ್ಟ ಮೇಲೆ

ನನ್ನ ದನಿ ದೊಡ್ಡದು. ಕುರೆಕುಪ್ಪದಲ್ಲಿ ನಾನು ನಡೆಸುವ ಖಾನಾವಳಿಗೆ ಊಟಕ್ಕೆ ಬರುವ ಕಾರ್ಖಾನೆಯ ಹುಡುಗರಿಗೆ ಇದೊಂದು ತಮಾಷೆ. "ಅಕ್ಕಾರ, ನೀವು ಇಲ್ಲಿ ಸಾರು ಬೇಕೇನ ಅಂದ್ರ ಸಂಡೂರಾಗ ಕುಂತಾವ ತಾಟು ಮುಂದ ಹಿಡಿತಾನ್ರಿ" ಎಂದು ಒಬ್ಬ ಶುರು ಮಾಡುತ್ತಾನೆ. "ಸೈರನ್ ಕೆಟ್ಟ ದಿನ ಅಕ್ಕಾರ್ನ ಗೇಟಿನ್ಯಾಗ ನಿಲ್ಸಿದ್ರ ಆತಲ್ಲೋ" ಎಂದು ಇನ್ನೊಬ್ಬ. "ತಿನ್ನಾಕ ಬಂದೀರಿ, ತಿಂದು ಎದ್ದು ಹೋಗ್ರಲೇ" ಎಂದು ಗದರಿಸಿ ಅವರ ತಾಟಿಗೇ ಇನ್ನೊಂದು ಸೌಟು ಸುರಿಯುತ್ತೇನೆ. ಬೈಯುವಾಗ ನನ್ನ ಕೈ ಸಡಿಲಾಗುತ್ತದೆ ಎಂಬುದನ್ನು ಕಂಡುಕೊಂಡಿದ್ದಾರೆ, ಕಳ್ಳರು.

ಈ ದನಿ ಬೆಳೆದದ್ದು ಹೊಳೆಯ ಮೇಲೆ. ಕಂಪ್ಲಿಯ ಹತ್ತಿರ ತುಂಗಭದ್ರೆ ಎರಡಾಗಿ ಹರಿದು ಮತ್ತೆ ಕೂಡಿಕೊಳ್ಳುವ ಕಡೆ ಒಂದು ನಡುಗಡ್ಡೆ ಇದೆ. ನಾವು ಅದನ್ನು ಗಡ್ಡಿ ಎಂದಷ್ಟೇ ಅನ್ನುತ್ತಿದ್ದೆವು. ನನಗೆ ತಿಳಿವಳಿಕೆ ಬಂದಾಗ ಅಲ್ಲಿ ಹತ್ತಾರು ಮನೆಗಳಿದ್ದವು, ಬಾಳೆತೋಟವಿತ್ತು, ಒಂದು ಹನುಮಪ್ಪನ ಕಟ್ಟೆ ಇತ್ತು. ಈ ದಂಡೆಯಲ್ಲಿ ಕಂಪ್ಲಿ, ಆ ದಂಡೆಯಲ್ಲಿ ಗಂಗಾವತಿ ಸೀಮೆಯ ಗದ್ದೆಗಳು. ಉಪ್ಪು ಬೇಕಾದರೂ ಹೊಳೆ ದಾಟಬೇಕು, ಹೆಣ ಸುಡಬೇಕಾದರೂ ಹೊಳೆ ದಾಟಬೇಕು. ದಾಟಲು ಇದ್ದದ್ದು ಹರಿಗೋಲು. ನಮ್ಮ ಬಾಯಲ್ಲಿ ಅದು ತೆಪ್ಪ.

ಅವ್ವ ಅಪ್ಪ ಸಂಡೂರಿನ ಗಣಿಯಲ್ಲಿ ಅದಿರು ಆರಿಸುವ ಕೆಲಸಕ್ಕೆ ಹೋಗಿ ಅಲ್ಲೇ ಗುಡಿಸಲು ಹಾಕಿಕೊಂಡರು. ಅಣ್ಣನನ್ನೂ ನನ್ನನ್ನೂ ಸಾಕಿದವಳು ಗಡ್ಡಿಯಲ್ಲೇ ಉಳಿದ ಸೋದರತ್ತೆ, ಅಪ್ಪನ ಅಕ್ಕ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನ ಮನೆ ಬಿಟ್ಟು ಬಂದಿದ್ದಳಂತೆ. ಯಾಕೆ ಬಂದೆ ಎಂದು ಕೇಳಿದವರಿಗೆ ಮಾತಿನಲ್ಲಿ ಹೇಳುತ್ತಿರಲಿಲ್ಲ, ಕೈಯಲ್ಲಿದ್ದ ತೆಪ್ಪದ ಹುಟ್ಟನ್ನು ಎತ್ತಿ ತೋರಿಸುತ್ತಿದ್ದಳು. ಮತ್ತೊಮ್ಮೆ ಯಾರೂ ಕೇಳುತ್ತಿರಲಿಲ್ಲ. ಗಡ್ಡಿಯ ತೆಪ್ಪ ನಡೆಸುವವಳು ಅವಳೇ. ಅವಳಿಗಿಂತ ಮುಂಚೆ ನಡೆಸುತ್ತಿದ್ದವಳು ನನ್ನ ಅಜ್ಜಿ. ನಮ್ಮ ಮನೆಯಲ್ಲಿ ಹುಟ್ಟು ಹೆಂಗಸರ ಕೈಗೆ ಬಂದದ್ದರ ಹಿಂದೆ ಒಂದು ಕೆಟ್ಟ ಕಾಲವಿದೆ.

ಅದು ರಜಾಕಾರರ ಹಾವಳಿಯ ಕಾಲ. ಆ ದಂಡೆ ಇನ್ನೂ ನಿಜಾಮನ ಕೈಯಲ್ಲಿತ್ತು. ಈ ದಂಡೆಗೆ ಸ್ವಾತಂತ್ರ್ಯ ಬಂದಾಗಿತ್ತು. ಆ ಕಡೆಯ ಹಳ್ಳಿಗಳಲ್ಲಿ ಮನೆ ಸುಟ್ಟರೆ ಈ ಕಡೆಯವರಿಗೆ ಬೆಳಕು ಕಾಣುತ್ತಿತ್ತಂತೆ. ಜನ ಮಕ್ಕಳುಮರಿ ಕಟ್ಟಿಕೊಂಡು ದಂಡೆಗೆ ಓಡಿ ಬಂದು "ಏ… ಗಡ್ಡೀ…" ಎಂದು ಕೂಗುತ್ತಿದ್ದರು. ಅಜ್ಜ ತೆಪ್ಪ ಹಾಕಿಕೊಂಡು ಹೋಗಿ ಕರೆತರುತ್ತಿದ್ದ. ಒಂದು ಸಂಜೆ ಗಂಡಸಿನ ದನಿಯೊಂದು ಕೂಗಿತು: "ಬಾಣಂತಿ ಅದಾಳ, ಜಲ್ದಿ ಬಾ!" ಅಜ್ಜ ಹೋದ. ಬೆಳಿಗ್ಗೆ ತೆಪ್ಪ ಬರಿದಾಗಿ ತೇಲಿ ಬಂದು ಕೆಳಗಿನ ಬಂಡೆಗೆ ಆತು ನಿಂತಿತ್ತು. ಅದನ್ನು ಮೊದಲು ಕಂಡವಳು ನನ್ನ ಸೋದರತ್ತೆ. ಆಗ ಇನ್ನೂ ಲಂಗ ಉಡುವ ಹುಡುಗಿ. ತೆಪ್ಪದೊಳಗೆ ಅಜ್ಜನ ರುಮಾಲು ಇತ್ತು, ಅಜ್ಜ ಇರಲಿಲ್ಲ.

ಅಜ್ಜಿ ಅತ್ತಳೋ ಇಲ್ಲವೋ ಅತ್ತೆ ಎಂದೂ ಹೇಳಲಿಲ್ಲ. ಹೇಳಿದ್ದು ಇಷ್ಟು. ಅಜ್ಜಿ ಆ ತೆಪ್ಪವನ್ನು ಎಳೆದು ತಂದಳು, ಗಡ್ಡಿಯವರನ್ನೆಲ್ಲ ಹನುಮಪ್ಪನ ಕಟ್ಟೆಗೆ ಕರೆದಳು, ಕಟ್ಟು ಮಾಡಿದಳು: "ಗಂಡು ದನಿ ಕೂಗಿದ್ರ ಯಾರೂ ಹೋಗಬ್ಯಾಡ್ರಿ, ಅವರಪ್ಪ ಕೂಗ್ಲಿ. ಹೆಣ್ಣು ದನಿ ಕೂಗಿದ್ರ ಯಾರು ಎತ್ತ ಕೇಳಬ್ಯಾಡ್ರಿ, ಓ ಅನ್ರಿ. ಓ ಅಂದ ಮ್ಯಾಲ ಹೋಗಬೇಕು, ಹೊಳಿ ಹೆಂಗರ ಇರಲಿ." ಅಂದಿನಿಂದ ಹುಟ್ಟು ಅಜ್ಜಿಯ ಕೈಗೆ ಬಂತು.

ಕೆಲವು ತಿಂಗಳಾದ ಮೇಲೆ ಪೋಲೀಸ್ ಆಕ್ಷನ್ ಆಯಿತು, ನಿಜಾಮ ಸೋತ. ಆಗ ಭಯ ಮಗ್ಗುಲು ಬದಲಿಸಿತು. ಯಾರು ಓಡಿಸುತ್ತಿದ್ದರೋ ಅವರ ಜಾತಿಯ ಬಡವರು ಓಡಬೇಕಾಯಿತು. ಒಂದು ಮಧ್ಯಾಹ್ನ ಆ ದಂಡೆಯಲ್ಲಿ ಒಬ್ಬ ಸಾಬರ ಹೆಂಗಸು, ನೇಯ್ಗೆಯವಳು, ಮಕ್ಕಳನ್ನು ಕಟ್ಟಿಕೊಂಡು ನಿಂತು ಕೂಗಿದಳು. ಗಡ್ಡಿಯ ಗಂಡಸರು ಅಡ್ಡ ನಿಂತರಂತೆ. ನಿನ್ನ ಗಂಡನ್ನ ತಿಂದ ಮಂದಿ, ಬಿಡು ಅಂದರಂತೆ. ಅಜ್ಜಿ "ನಿಮ್ಮಪ್ಪನ ತೆಪ್ಪ ಏನಲೇ ಇದು? ಸರೀರಿ ಆಚಿಗೆ" ಎಂದು ಹೋಗಿಯೇ ಹೋದಳು. ಆ ಹೆಂಗಸು ಎಷ್ಟೋ ವರ್ಷ ಕಂಪ್ಲಿಯ ಸಂತೆಯಲ್ಲಿ ಅಜ್ಜಿಗೆ ಸಿಕ್ಕರೆ ಎಲೆ ಅಡಿಕೆ ಕೊಡದೆ ಬಿಡುತ್ತಿರಲಿಲ್ಲ.

ನಾನು ಬೆಳೆಯುವ ಹೊತ್ತಿಗೆ ರಜಾಕಾರರೂ ಇಲ್ಲ, ನಿಜಾಮನೂ ಇಲ್ಲ. ಕಟ್ಟು ಮಾತ್ರ ಹಾಗೇ ಇತ್ತು. ಗಡ್ಡಿಗೆ ಬರಬೇಕಾದ ಗಂಡಸು, ಅವನು ಗಡ್ಡಿಯಲ್ಲೇ ಹುಟ್ಟಿದವನಾದರೂ, ದಂಡೆಯಲ್ಲಿ ಒಬ್ಬ ಹೆಂಗಸನ್ನು ಹುಡುಕಿ ತನ್ನ ಪರವಾಗಿ ಕೂಗಿಸಬೇಕು. ಕಂದಾಯದ ಸಾಹೇಬರು ಒಮ್ಮೆ ಸಿಟ್ಟಿನಿಂದ ತಾವೇ ಕೂಗಿದರು. ಬೆಳಿಗ್ಗೆ ಶುರು ಮಾಡಿದವರು ಬಿಸಿಲೇರುವವರೆಗೆ ಕೂಗಿದರು. ಅತ್ತೆ ಗಡ್ಡಿಯ ಮೇಲೆ ಕೂತು ಅವರನ್ನೇ ನೋಡುತ್ತಾ ಅವರೆಕಾಯಿ ಸುಲಿಯುತ್ತಿದ್ದಳು. ಕೊನೆಗೆ ಸಾಹೇಬರು ಚಹಾದಂಗಡಿಯ ಮುದುಕಿಯ ಕಾಲಿಗೆ ಬಿದ್ದರು ಎಂದು ಕಂಪ್ಲಿಯ ತುಂಬ ಸುದ್ದಿ. ಬಿದ್ದಿರಲಿಕ್ಕಿಲ್ಲ, ಆದರೆ ಹಾಗೆ ಹೇಳುವುದರಲ್ಲಿ ನಮಗೊಂದು ಸುಖವಿತ್ತು. ನಮ್ಮಣ್ಣ ತನಗಾಗಿ ಕೂಗಲು ದಂಡೆಯಲ್ಲಿ ಬಟ್ಟೆ ಒಗೆಯುವ ಒಬ್ಬಳೇ ಹುಡುಗಿಯನ್ನು ದಿನಾ ಕೇಳಿ ಕೇಳಿ, ಆಮೇಲೆ ಅವಳನ್ನೇ ಮದುವೆಯಾದ. "ಕೂಗಿಸ್ಕೊಂಡ ಗಂಡ" ಎಂದು ನಾವು ಈಗಲೂ ಅವನನ್ನು ಕಾಡುತ್ತೇವೆ.

ಕೂಗುವುದಕ್ಕೂ ಒಂದು ರೀತಿ ಇತ್ತು. ದಂಡೆಯ ಬಂಡೆಯ ಮೇಲೆ ನಿಂತು "ಏ… ಗಡ್ಡೀ…" ಎಂದು ಎಳೆದು ಕೂಗಬೇಕು. ಗಡ್ಡಿಯಿಂದ "ಓ… ನಿಲ್ಲೂ… ಬಂದೇ…" ಎಂದು ಉತ್ತರ ಬರುತ್ತದೆ. ಉತ್ತರ ಬಂದ ಮೇಲೆ ಕೂಗಿದವರು ನಿಂತ ಜಾಗ ಬಿಟ್ಟು ಕದಲಬಾರದು. ಹರಿಗೋಲು ನೆಟ್ಟಗೆ ಹೋಗುವ ವಸ್ತುವಲ್ಲ. ಸುತ್ತುತ್ತದೆ, ಜಾರುತ್ತದೆ. ನಿಂತವರನ್ನೇ ಗುರುತಾಗಿಟ್ಟುಕೊಂಡು ಹುಟ್ಟು ಹಾಕಬೇಕು. ಕೂಗಿದವರು ಅತ್ತಿತ್ತ ಓಡಾಡಿದರೆ ಅತ್ತೆ ದಂಡೆ ಮುಟ್ಟಿದ ಕೂಡಲೇ ಮೊದಲು ಬೈದು, ಆಮೇಲೆ ಹತ್ತಿಸಿಕೊಳ್ಳುತ್ತಿದ್ದಳು. ಅತ್ತೆಗೆ ಕೈ ಬಿಡುವಿಲ್ಲದಾಗ ಓಗೊಡುತ್ತಿದ್ದವಳು ನಾನು. ನನ್ನ ದನಿ ಹಾಗೆ ಬೆಳೆಯಿತು.

ಹಾವಳಿಯ ಕಾಲ ಮುಗಿದ ಮೇಲೆ ನಮಗೆ ಹೊಳೆಯೇ ಭಯವಾಯಿತು. ಹೊಸಪೇಟೆಯಲ್ಲಿ ಡ್ಯಾಂ ಕಟ್ಟುವ ಮುಂಚೆ ಹೊಳೆ ಏರುವುದು ಅಜ್ಜಿಗೆ ಎರಡು ದಿನ ಮೊದಲೇ ಗೊತ್ತಾಗುತ್ತಿತ್ತಂತೆ. ಮೋಡ ನೋಡಿ, ನೀರಿನ ಬಣ್ಣ ನೋಡಿ, ನೊರೆ ನೋಡಿ ಹೇಳುತ್ತಿದ್ದಳು. ಡ್ಯಾಂ ಆದ ಮೇಲೆ ಆ ವಿದ್ಯೆ ಕೆಲಸಕ್ಕೆ ಬಾರದೆ ಹೋಯಿತು. ಮಳೆ ಬೀಳುವುದು ಎಲ್ಲೋ ಶಿವಮೊಗ್ಗದ ಕಡೆ. ನಮ್ಮಲ್ಲಿ ಒಂದು ಹನಿ ಇಲ್ಲ, ಮೋಡವೂ ಇಲ್ಲ, ಸುಡುಸುಡು ಬಿಸಿಲು. ಅಂಥ ಬಿಸಿಲಿನಲ್ಲಿ ಹೊಳೆ ಸದ್ದಿಲ್ಲದೆ ಬಂಡೆ ಬಂಡೆಯನ್ನೇ ನುಂಗುತ್ತಾ ಏರುತ್ತದೆ. ನೆತ್ತಿಯ ಮೇಲೆ ಸೂರ್ಯ, ಅಡುಗೆಮನೆಯಲ್ಲಿ ನೀರು. ಇದನ್ನು ಕಣ್ಣಾರೆ ಕಾಣದವರಿಗೆ ಆ ಹೆದರಿಕೆ ತಿಳಿಯುವುದಿಲ್ಲ. ಮಳೆಯಲ್ಲಿ ಬರುವ ಪ್ರವಾಹದ ಮೇಲೆ ಸಿಟ್ಟಾದರೂ ಮಾಡಬಹುದು, ಇದರ ಮೇಲೆ ಏನು ಮಾಡುವುದು? ನನಗಂತೂ ಇವತ್ತಿಗೂ ಶ್ರಾವಣದ ಬಿಸಿಲು ಕಂಡರೆ ಅಡುಗೆಮನೆಯ ನೆಲ ಒಣಗಿದೆಯೇ ಎಂದು ಕಾಲಾಡಿಸಿ ನೋಡುವಂತಾಗುತ್ತದೆ.

ಪ್ರತಿ ದೊಡ್ಡ ನೀರಿಗೆ ಗಡ್ಡಿ ಒಂದೆರಡು ಮನೆ ಕಳೆದುಕೊಳ್ಳುತ್ತಿತ್ತು. ಮನೆ ಹೋದವರು ಕಂಪ್ಲಿಯಲ್ಲೋ ಮೆಟ್ರಿಯಲ್ಲೋ ಜಾಗ ಹಿಡಿದರು. ಗಂಡುಮಕ್ಕಳು ಅಕ್ಕಿಗಿರಣಿಗೆ, ಉಕ್ಕಿನ ಕಾರ್ಖಾನೆಗೆ ಸೇರಿದರು. ನಾನು ಮದುವೆಯಾಗಿ ಕುರೆಕುಪ್ಪಕ್ಕೆ ಬಂದೆ. ಅಣ್ಣ ಕಂಪ್ಲಿಯ ಗಿರಣಿಯಲ್ಲಿ ಕೆಲಸಕ್ಕೆ ನಿಂತ. ಅತ್ತೆಯನ್ನು ನಾವು ಕರೆಯದ ಹಬ್ಬವಿಲ್ಲ. "ನಾ ಬಂದ್ರ ಇಲ್ಲಿ ಓ ಅನ್ನಾವ್ರು ಯಾರು?" ಎನ್ನುವಳು. ಅವಳಿಗೆ ಅದು ಹಟವಾಗಿರಲಿಲ್ಲ, ಕೆಲಸವಾಗಿತ್ತು. ಮೂಳೆ ಗಟ್ಟಿ ಇದ್ದವು, ಹುಟ್ಟು ಹಿಡಿದರೆ ಹುಡುಗರನ್ನು ನಾಚಿಸುತ್ತಿದ್ದಳು.

ಕೆಲವು ವರ್ಷಗಳ ಹಿಂದೆ, ಅಂಥದೇ ಒಂದು ಶ್ರಾವಣದ ಬಿಸಿಲಿನಲ್ಲಿ, ಡ್ಯಾಮಿನ ಗೇಟುಗಳನ್ನೆಲ್ಲ ಎತ್ತುತ್ತಾರೆಂದು ಸುದ್ದಿ ಬಂತು. ದಂಡೆಯಲ್ಲಿ ಜೀಪು ಮೈಕು ಕಟ್ಟಿಕೊಂಡು ಓಡಾಡಿತಂತೆ. ಅತ್ತೆ ಬೆಳಗಿನಿಂದ ಗಡ್ಡಿಯ ಮಂದಿಯನ್ನೆಲ್ಲ ತೆಪ್ಪದಲ್ಲಿ ಕಂಪ್ಲಿ ದಂಡೆಗೆ ದಾಟಿಸಿದಳು. ಕೊನೆಯ ಸಲ ಎಲ್ಲರನ್ನೂ ಇಳಿಸಿ, ಅಣ್ಣ ಕೈ ಚಾಚುವುದರೊಳಗೆ ತೆಪ್ಪ ತಿರುಗಿಸಿಬಿಟ್ಟಳು. ಅಣ್ಣ ದಂಡೆಯುದ್ದಕ್ಕೂ ಓಡುತ್ತಾ ಬೈದನಂತೆ. ಅವಳು ನಡು ಹೊಳೆಯಿಂದ ಹೇಳಿದ್ದು: "ಆ ದಂಡ್ಯಾಗ ಬಾತಿನವರು ಅದಾರ. ಮುಂಜಾನಿ ಹೊಗಿ ಕಂಡೀನಿ. ಕೂಗಿದ್ರ?"

ಬಾತಿನವರು ಎಂದರೆ ಆಂಧ್ರದ ಕಡೆಯಿಂದ ಬಾತುಕೋಳಿಗಳ ಹಿಂಡು ಹೊಡೆದುಕೊಂಡು ಬಂದು, ಕೊಯ್ದ ಗದ್ದೆಗಳಲ್ಲಿ, ಮಳೆಗಾಲದಲ್ಲಿ ಹೊಳೆದಂಡೆಯಲ್ಲಿ ಮೇಯಿಸುತ್ತಾ ಡೇರೆ ಹಾಕಿಕೊಂಡಿರುವವರು. ಅವರಿಗೆ ನಮ್ಮ ಹೊಳೆಯ ಗುಣ ಗೊತ್ತಿಲ್ಲ. ದಂಡೆಯ ಮಂದಿ, ಅವರೇನು ಕುರುಡರಾ, ನೀರು ಕಂಡು ಹೋಗಿರುತ್ತಾರೆ ಬಿಡು ಎಂದರು. ಆಗಲೇ ತೆಪ್ಪ ಮತ್ತೆ ದಾಟಲಾರದಷ್ಟು ಸೆಳೆತ ಬಂದಿತ್ತು. ಅತ್ತೆ ಗಡ್ಡಿಯ ಮೇಲೆ ಒಬ್ಬಳೇ ಉಳಿದಳು.

ಅಣ್ಣನ ಫೋನು ಬಂದಾಗ ನಾನು ಅನ್ನಕ್ಕೆ ಎಸರಿಟ್ಟಿದ್ದೆ. "ತಂಗಿ, ನೀ ಬಾ. ಮೈಕಿನ್ಯಾಗ ಕೂಗಿ ಕೂಗಿ ಸಾಕಾತು, ಆಕಿ ಹೊರಗ ಬರವಲ್ಲಳು. ಕೂಗೋರೆಲ್ಲ ಗಂಡಸ್ರು ಅದಾರ, ಇಲ್ಲಿರೋ ಹೆಂಗಸ್ರ ದನಿ ಅಲ್ಲಿಗೆ ಮುಟ್ಟವಲ್ಲದು." ಒಲೆ ಆರಿಸಿ, ತರಕಾರಿ ತರುವವನ ಗಾಡಿ ಹತ್ತಿದೆ. ದರೋಜಿ ದಾಟಿದೆವು, ಮೆಟ್ರಿ ದಾಟಿದೆವು. ಗದ್ದೆಗಳಲ್ಲಿ ಹೆಂಗಸರು ನಗುನಗುತ್ತಾ ನಾಟಿ ಮಾಡುತ್ತಿದ್ದರು. ಕಾಲುವೆಯಲ್ಲಿ ನೀರು ತಿಳಿಯಾಗಿ ಹರಿಯುತ್ತಿತ್ತು. ಏನೂ ಆಗಿಲ್ಲದ ಹಾಗಿದ್ದ ಆ ದಾರಿ ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

ಕಂಪ್ಲಿಯಲ್ಲಿ ಹೊಳೆ ಸೇತುವೆಯ ಹೊಟ್ಟೆಗೆ ತಾಗಿ ಹರಿಯುತ್ತಿತ್ತು. ಪೋಲೀಸರು ಹಗ್ಗ ಕಟ್ಟಿದ್ದರು. ಜನ ಮೊಬೈಲು ಎತ್ತಿ ಹಿಡಿದು ಜಾತ್ರೆಗೆ ಬಂದವರ ಹಾಗೆ ನಿಂತಿದ್ದರು. ನಾನು ಒಬ್ಬಿಬ್ಬರಿಗೆ ಬೈದು ದಾರಿ ಮಾಡಿಕೊಂಡು ದಂಡೆಗೆ ಹೋದೆ. ಗಡ್ಡಿ ಅರ್ಧಕ್ಕರ್ಧ ಮುಳುಗಿತ್ತು. ತಗ್ಗಿನ ಕಡೆ ಬಾಳೆಯ ಸುಳಿಗಳು ಮಾತ್ರ ನೀರಿನ ಮೇಲೆ ಅಲುಗುತ್ತಿದ್ದವು. ಮೇಲ್ತುದಿಯ ದೊಡ್ಡ ಬಂಡೆ ಇನ್ನೂ ಒಣಗಿತ್ತು. ಅತ್ತೆ ಎಲ್ಲೂ ಕಾಣಲಿಲ್ಲ.

ಅಲ್ಲಿ ರಬ್ಬರ್ ಬೋಟಿನ ಪಡೆಯೊಂದು ಬಂದಿತ್ತು. ಅದರ ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವನು, ಬೇರೆ ಸೀಮೆಯವನು, ಮರ್ಯಾದಸ್ಥ. "ಅಮ್ಮಾ, ಅವರು ತೋಟದ ಒಳಗೆ ಎಲ್ಲಿದ್ದಾರೋ ಗೊತ್ತಾಗುತ್ತಿಲ್ಲ. ಬೋಟು ಒಳಗೆ ನುಗ್ಗಿದರೆ ಗಿಡಗಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಆ ಬಂಡೆಯ ಮೇಲೆ ಬಂದು ನಿಂತರೆ ಸಾಕು, ಎತ್ತಿಕೊಂಡು ಬರುತ್ತೇವೆ. ನೀವು ಒಮ್ಮೆ ಕೂಗಿ" ಎಂದ.

ಕೂಗಲು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ. ಹೆಣ್ಣು ದನಿ ಕೂಗಿದರೆ ಅತ್ತೆ ಬಂಡೆಗೆ ಬಂದು ನಿಲ್ಲುವವಳಲ್ಲ. ತೆಪ್ಪ ನೀರಿಗೆ ಹಾಕುವವಳು.

"ನಾ ಕೂಗಿದ್ರ ಆಕಿ ನನ್ನ ಕರಕೊಂಡು ಹೋಗಾಕ ಬರ್ತಾಳ್ರಿ" ಎಂದೆ.

"ಈ ನೀರಿನಲ್ಲಾ?"

"ಈ ನೀರಿನ್ಯಾಗರಿ."

ಅಣ್ಣ ಹಣೆ ಬಡಿದುಕೊಂಡ. "ಕೂಗಿದ್ರ ತೆಪ್ಪ ಹಾಕ್ತಾಳ, ಕೂಗದಿದ್ರ ಅಲ್ಲೇ ಮುಳುಗ್ತಾಳ. ಏನ್ ಮಾಡೂನು ಹೇಳಲೇ!"

ಅವನಿಗೆ ಸಿಟ್ಟು ಬಂದರೆ ನಾನೂ 'ಲೇ' ಆಗುತ್ತೇನೆ. ನನಗೆ ಆ ಕ್ಷಣ ಅಳುವೂ ಬಂತು, ಅತ್ತೆಯ ಮೇಲೆ ಕೆಟ್ಟ ಕೋಪವೂ ಬಂತು. ಮುದುಕಿ, ಎಲ್ಲರ ಹಾಗೆ ಗಂಜಿ ಕೇಂದ್ರದಲ್ಲಿ ಚಾಪೆ ಹಾಸಿಕೊಂಡು ಕೂಡಬಾರದಿತ್ತೇ? ಎದುರಿಗೆ ಬಂಡೆಯ ಬುಡಕ್ಕೆ ನೀರು ಏರುತ್ತಿತ್ತು. ಅದನ್ನು ನೋಡುತ್ತಿದ್ದಂತೆ ಒಂದು ದಾರಿ ಹೊಳೆಯಿತು. ಹರಿಗೋಲಿನವಳು ನೀರಿಗಿಳಿಯುವುದು ಕೂಗು ಕೇಳಿದರೆ. ಓಗೊಡುವುದನ್ನು ಕೇಳಿದರೆ? ಓಗೊಡುವ ದನಿ ಕೇಳಿದವರು ಬಂಡೆಯ ಮೇಲೆ ಬಂದು ನಿಲ್ಲಬೇಕು.

ಎರಡೂ ಕೈ ಬಾಯಿಗೆ ಹಿಡಿದು, ಹೊಟ್ಟೆಯಿಂದ ದನಿ ತೆಗೆದು ಕೂಗಿದೆ: "ಓ… ನಿಲ್ಲೂ… ಬಂದೇ…"

ಮತ್ತೆ ಕೂಗಿದೆ. ಮೂರನೆಯ ಸಲಕ್ಕೆ ಎತ್ತರದ ಕಡೆಯ ಬಾಳೆಯ ನಡುವಿನಿಂದ ಸೊಂಟದ ಮಟ್ಟದ ನೀರಿನಲ್ಲಿ ಅತ್ತೆ ಹೊರಗೆ ಬಂದಳು. ಕೈಯಲ್ಲಿ ಹುಟ್ಟು. ಸುತ್ತಲೂ ನೋಡಿದಳು. ಆಮೇಲೆ ನಿಧಾನವಾಗಿ ಬಂಡೆ ಹತ್ತಿ, ಕದಲದೆ ನಿಂತಳು. ಅಣ್ಣ ನನ್ನ ಭುಜ ಹಿಡಿದುಕೊಂಡು ಅಳುತ್ತಿದ್ದ.

ಬೋಟು ಹೊರಟಿತು ಎನ್ನುವಾಗ ನಾನೂ ಹತ್ತಿದೆ. ಅಧಿಕಾರಿ ಆಗುವುದಿಲ್ಲ ಎಂದ. "ನಿಮ್ಮ ಮೀಸಿ ನೋಡಿದ್ರ ಆಕಿ ವಾಪಸ್ ತೋಟದಾಗ ಹೋಗಿ ಕುಂದ್ರತಾಳ. ಹತ್ತಿಸ್ಕೊಳ್ರಿ ಸುಮ್ನ" ಎಂದೆ. ನಾನು ಓ ಅಂದಿದ್ದೆ, ಹೋಗಬೇಕಿತ್ತು. ಅವನಿಗೆ ಅದನ್ನು ಬಿಡಿಸಿ ಹೇಳುವಷ್ಟು ಹೊತ್ತಿರಲಿಲ್ಲ. ಕಿತ್ತಲೆ ಬಣ್ಣದ ಜಾಕೀಟು ನನ್ನ ಮೈಗೆ ಸಾಲದೆ ಬಿಗಿಯಿತು. ಹೊಳೆಯ ಮೇಲೆ ಹುಟ್ಟಿ ಬೆಳೆದವಳು ನಾನು. ಅಂಥ ಹೊಳೆಯನ್ನು ಎಂದೂ ಕಂಡಿರಲಿಲ್ಲ. ಇಡೀ ಮರಗಳು, ಹುಲ್ಲಿನ ಬಣವೆ, ಒಂದು ಸತ್ತ ಎಮ್ಮೆ ನಮ್ಮ ಮಗ್ಗುಲಲ್ಲೇ ಹೋದವು. ನಾನು ಅತ್ತೆಯನ್ನು ಬಿಟ್ಟು ಬೇರೆ ಕಡೆ ನೋಡಲಿಲ್ಲ. ಅವಳೂ ಅಷ್ಟೆ, ಗೂಟ ನೆಟ್ಟ ಹಾಗೆ ನಿಂತಿದ್ದಳು. ಬೋಟು ನಡೆಸುವವನು ಅವಳನ್ನೇ ಗುರಿ ಹಿಡಿದು ಬೋಟನ್ನು ಬಂಡೆಗೆ ಆನಿಸಿದ.

"ಯಾರು ಕೂಗಿದ್ರಲೇ?" ಅತ್ತೆಯ ಮೊದಲ ಮಾತು. "ನಾ ಯಾರ್ನೂ ಕೂಗಿಲ್ಲ."

"ಕೂಗಿದಿ ಅತ್ತಿ, ನಂಗ ಕೇಳ್ತು. ಹತ್ತು."

"ನಾ ಕೂಗಿದ್ನೇನು?" ಅವಳು ನನ್ನ ಮುಖವನ್ನೇ ನೋಡಿದಳು. ಜೀವಮಾನದಲ್ಲಿ ಒಮ್ಮೆಯೂ ಯಾರನ್ನೂ ಕೂಗದವಳು ತನ್ನ ಮೇಲೇ ಅನುಮಾನಪಟ್ಟಳು. ನಾನು ರಟ್ಟೆ ಹಿಡಿದು ಎಳೆದುಕೊಂಡೆ. ಹತ್ತಿ ಕೂತಳು. ಒದ್ದೆ ಸೀರೆಯೊಳಗೆ ಮೈ ನಡುಗುತ್ತಿತ್ತು. ಹುಟ್ಟು ಮಾತ್ರ ಬಿಡಲಿಲ್ಲ.

ಅವಳನ್ನು ಹತ್ತಿಸಲೆಂದು ಎಂಜಿನ್ ನಿಲ್ಲಿಸಿದ್ದರು. ಆ ನಿಶ್ಶಬ್ದದಲ್ಲಿ ಕೂಗು ಕೇಳಿಸಿತು. ಗಡ್ಡಿಯ ಆಚೆಯಿಂದ, ಆ ದಂಡೆಯಿಂದ. ತೆಳ್ಳಗಿನ ಹೆಣ್ಣು ದನಿ. "ಓ… ಪಡವಾ…" ದೋಣಿಗೆ ತೆಲುಗಿನವರು ಹಾಗೆನ್ನುತ್ತಾರೆ.

ಅತ್ತೆ ನನ್ನ ಕೈ ಹಿಡಿದಳು. ನಾನು ಏನೂ ಯೋಚಿಸಲಿಲ್ಲ. ಸಣ್ಣಂದಿನಿಂದ ಬಾಯಿಗೆ ಅಂಟಿಕೊಂಡದ್ದು ತಾನಾಗಿಯೇ ಹೊರಗೆ ಬಂತು: "ಓ… ನಿಲ್ಲೂ… ಬಂದೇ…" ನನ್ನ ದನಿ ಮುಳುಗಿದ ತೋಟದ ಮೇಲೆ ಹಾದು ಆ ದಂಡೆಗೆ ಹೋಗಿ ಮುಟ್ಟಿತು. ಮುಟ್ಟಿದ್ದು ನನಗೆ ಗೊತ್ತು, ಯಾಕೆಂದರೆ ಆ ಕಡೆಯ ಕೂಗು ನಿಂತಿತು.

"ಆ ಕಡಿ ತಿರುಗಿಸ್ರಿ" ಎಂದೆ.

"ಅಕ್ಕಾರ, ಆ ಕಡಿ ಸೆಳೆತ ಭಾಳ ಐತ್ರಿ. ಮೊದ್ಲು ಇವರನ್ನ ಇಳಿಸಿ ಬರೂನು" ಎಂದ ಬೋಟಿನವನು. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅತ್ತೆ ತಾನೇ ಹುಟ್ಟನ್ನು ನೀರಿಗೆ ಹಾಕಲು ಹೋದಳು. ಇಬ್ಬರು ಹಿಡಿದು ಕೂರಿಸಿದರು. "ಓ ಅಂದೈತಿ ನಮ್ಮ ಹುಡುಗಿ! ತಿರುಗಿಸ್ರೋ!" ಎಂದು ಅವಳು ದಂಡೆ ಮುಟ್ಟುವವರೆಗೂ ಕಿರುಚಿದಳು.

ದಂಡೆ ಮುಟ್ಟುವ ಹೊತ್ತಿಗೆ ಡ್ಯಾಮಿನಲ್ಲಿ ಇನ್ನಷ್ಟು ನೀರು ಬಿಟ್ಟಿದ್ದಾರೆಂದು ಸುದ್ದಿ ಬಂದಿತ್ತು. ಸೇತುವೆಯ ಮೇಲೆ ನೀರು ಹತ್ತಿತು. ಇನ್ನು ಬೋಟು ಇಳಿಸಕೂಡದೆಂದು ಮೇಲಿನಿಂದ ಅಪ್ಪಣೆ ಬಂತು. ನಾನು ಆ ಅಧಿಕಾರಿಯ ಅಂಗಿ ಹಿಡಿದೆ, ಬಾಯಿಗೆ ಬಂದದ್ದು ಬೈದೆ. ಅವನು ಬಿಡಿಸಿಕೊಳ್ಳಲೂ ಇಲ್ಲ. ಒಂದು ಕೈಯಲ್ಲಿ ಫೋನು ಹಿಡಿದು ಆ ದಂಡೆಯವರಿಗೆ ಮೇಲಿಂದ ಮೇಲೆ ಹೇಳುತ್ತಿದ್ದ. ಅಲ್ಲಿಯವರು ದಾರಿಯೇ ಮುಳುಗಿದೆ ಎನ್ನುತ್ತಿದ್ದರು.

ಆಗ ನಾನು ದಂಡೆಯ ಎತ್ತರದ ಬಂಡೆ ಹತ್ತಿ ಕೂಗತೊಡಗಿದೆ. "ನಿಲ್ಲಬ್ಯಾಡ! ಮ್ಯಾಲ ಹೋಗು! ಬರಂಗಿಲ್ಲ ನಾವು, ನಿಲ್ಲಬ್ಯಾಡ!" ಸಂಡೂರಿಗೆ ಕೇಳುತ್ತದೆಂದು ಹುಡುಗರು ಆಡಿಕೊಳ್ಳುವ ದನಿ. ಅದು ಗಡ್ಡಿಯನ್ನು ದಾಟಲಿಲ್ಲ. ಹೊಳೆಯ ಮೊರೆತ ಅಷ್ಟು ಹೊತ್ತಿಗೆ ಎಲ್ಲವನ್ನೂ ನುಂಗುತ್ತಿತ್ತು. ಗಂಟಲು ಹರಿದು ಬಾಯಲ್ಲಿ ರಕ್ತದ ರುಚಿ ಬರುವವರೆಗೂ ಕೂಗಿದೆ. ಸೂರ್ಯ ಮುಳುಗಿದ. ಅಣ್ಣ ನನ್ನನ್ನು ಎಳೆದುಕೊಂಡು ಹೋದ.

ನೀರು ಇಳಿದ ಮೇಲೆ ನಾನೂ ಅಣ್ಣನೂ ಆ ದಂಡೆಗೆ ಹೋದೆವು. ಗದ್ದೆಯ ಎತ್ತರದ ಏರಿಯ ಮೇಲೆ ಬಾತಿನವರು ಕೂತಿದ್ದರು. ಮಕ್ಕಳಿದ್ದರು, ಉಳಿದ ಕೆಲವು ಬಾತುಗಳಿದ್ದವು. ಕೂಗಿದಾಕೆ ಇರಲಿಲ್ಲ. ಆಕೆಯ ಗಂಡ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದ. ನೀರು ಎದೆಮಟ್ಟ ಇದ್ದಾಗ ಅವನು ಮಕ್ಕಳನ್ನು ಏರಿಗೆ ದಾಟಿಸಿ, ಅವಳನ್ನೂ ಬಾ ಎಂದು ಕರೆದನಂತೆ. ಬರಬಹುದಿತ್ತಂತೆ. "ಅವ್ಳು ಬರ್ಲಿಲ್ಲಮ್ಮಾ. ಪಡವ ಬರ್ತೈತಿ, ಯಾರೋ ಹೆಣ್ಮಗ್ಳು ಓ ಅಂದಾಳ, ನಿಲ್ಲು ಅಂದಾಳ, ನಾ ಇಲ್ಲಿಂದ ಕದಲಿದ್ರ ಅವರಿಗಿ ಹೆಂಗ್ ಕಾಣ್ತೀನಿ ಅಂದ್ಲು." ಅವನು ದಂಡೆಯ ಬಂಡೆಯ ಕಡೆ ಕೈ ತೋರಿಸಿದ. ಓ ಅಂದವಳು ನಾನೇ ಎಂದು ಅವನಿಗೆ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಡ್ಡಿಯಲ್ಲಿ ಈಗ ಮನೆಗಳಿಲ್ಲ. ಅತ್ತೆಯನ್ನು ಕುರೆಕುಪ್ಪಕ್ಕೆ ಕರೆತಂದೆ. ಇಲ್ಲಿ ಹೊಳೆ ಇಲ್ಲ, ಲಾರಿಗಳಿವೆ, ಕೆಂಪು ದೂಳಿದೆ. ಬಂದ ದಿನ ಹಿತ್ತಲ ಕಟ್ಟೆಯ ಮೇಲೆ ಕೂತು ನನ್ನ ಜೊತೆ ಸೊಪ್ಪು ಸೋಸುತ್ತಿದ್ದಳು. ಆ ದಂಡೆಯಲ್ಲಿ ಏನಾಯಿತೆಂದು ಅವಳಿಗೆ ನಾವು ಯಾರೂ ಹೇಳಿರಲಿಲ್ಲ. ಅವಳೇ ಕೇಳಿದಳು: "ಹೋಗಿದ್ರೇನು ಆ ದಂಡಿಗಿ?"

"ಹೋಗಿದ್ದೆ" ಎಂದೆ.

ಅವಳು ಸೊಪ್ಪಿನಿಂದ ಕಣ್ಣೆತ್ತಲಿಲ್ಲ. ಕೈಯಲ್ಲಿದ್ದ ಕಟ್ಟು ಸೋಸಿ ಮುಗಿಸಿ ಕೇಳಿದಳು.

"ನಿಂತಿದ್ಲೇನು?"

"ನಿಂತಿದ್ಲತ್ತಿ" ಎಂದೆ.